ಇಡ್ಲಿ ತಟ್ಟೆಯ ಹದಿನಾರು ಗುಳಿ

ನನ್ನ ಮದುವೆಗೆ ಸೋದರಮಾವ ಕೊಟ್ಟ ಅಲ್ಯೂಮಿನಿಯಂ ಇಡ್ಲಿ ಸ್ಟ್ಯಾಂಡಿಗೆ ನಾಲ್ಕು ತಟ್ಟೆ, ತಟ್ಟೆಗೆ ನಾಲ್ಕು ಗುಳಿ. ಅದನ್ನು ಮೈಸೂರಿನಿಂದ ಬೊಂಬಾಯಿಗೆ ರೈಲಿನಲ್ಲಿ, ಅಲ್ಲಿಂದ ಕುವೈತಿಗೆ ವಿಮಾನದಲ್ಲಿ, ಸೀರೆಗಳ ನಡುವೆ ಸುತ್ತಿಕೊಂಡು ಒಯ್ದಿದ್ದೆ. ಅಲ್ಲಿ ಅದರಲ್ಲಿ ಇಡ್ಲಿ ಬೆಂದದ್ದು ಎರಡೇ ವರ್ಷ. ಆಮೇಲೆ ಒಂದು ಅಮೆರಿಕನ್ ಕಾರಿನ ಸ್ಕ್ರೂಗಳು ಅದರಲ್ಲಿ ಸಂಸಾರ ಹೂಡಿದವು. ನಾನು ಇಡ್ಲಿ ಬಿಟ್ಟು ದೋಸೆಗೆ ಬಂದೆ.

ಯಜಮಾನರ ಹೆಸರು ಹೇಳುವ ಅಭ್ಯಾಸ ನನಗಿಲ್ಲ. ಜಾಬ್ರಿಯಾದ ಕ್ಲಿನಿಕ್ಕಿನ ಲ್ಯಾಬಿನಲ್ಲಿ ಇಡೀ ದಿನ ಕಂಡವರ ಹೆಸರು ಬರೆದು ಸೀಸೆಗೆ ಅಂಟಿಸುತ್ತಿದ್ದವಳು, ಮನೆಗೆ ಬಂದರೆ 'ರೀ' ಎಂದಷ್ಟೇ ಕೂಗುತ್ತಿದ್ದೆ. ಈ ಬರಹದಲ್ಲೂ 'ಇವರು' ಅಂದರೆ ನಮ್ಮವರು ಎಂದು ತಿಳಿದುಕೊಂಡರೆ ಸಾಕು.

ಇವರು ಎಣ್ಣೆ ಕಾರ್ಖಾನೆಗಳಿದ್ದ ಮೀನಾ ಅಬ್ದುಲ್ಲಾ ಕಡೆಯ ಒಂದು ಗುತ್ತಿಗೆ ಕಂಪನಿಯಲ್ಲಿ ಮೀಟರುಗಳನ್ನು ರಿಪೇರಿ ಮಾಡುವ ಟೆಕ್ನಿಷಿಯನ್. ಒತ್ತಡ ತೋರಿಸುವ ಮೀಟರು, ಬಿಸಿ ತೋರಿಸುವ ಮೀಟರು, ಅವುಗಳೊಳಗಿನ ಕೂದಲಿನಷ್ಟು ತೆಳ್ಳನೆಯ ಸ್ಪ್ರಿಂಗು. ಬೆರಳೇ ಬಂಡವಾಳ. ಗ್ಲೌಸ್ ಹಾಕಿಕೊಂಡರೆ ಏನೂ ಗೊತ್ತಾಗುವುದಿಲ್ಲ ಎಂದು ಇವರ ವಾದ. ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಒಂದು ದಿನ, ಚಳಿ ಕಳೆದು ಬಿಸಿಲೇರುವ ಹೊತ್ತಿಗೆ, ಪೈಪಿನ ಪಕ್ಕದ ಒಂದು ಪುಟ್ಟ ನಟ್ಟು ಬಿಚ್ಚಲು ಗ್ಲೌಸ್ ಕಳಚಿದರಂತೆ. ಹಬೆ ಹೊಡೆಯಿತು. ಬಲಗೈಯ ಹೆಬ್ಬೆರಳು, ತೋರುಬೆರಳು, ಮಧ್ಯದ ಬೆರಳು ಮೂರೂ ಬೆಂದವು.

ತೊಡೆಯ ಚರ್ಮ ತೆಗೆದು ಬೆರಳಿಗೆ ಹಾಕಿದರು. ಗಾಯ ಮಾಗಿತು, ಸ್ಪರ್ಶ ಬರಲಿಲ್ಲ. ಬೆರಳು ಅರ್ಧ ಮಡಚುತ್ತಿತ್ತು, ತುದಿಗೆ ಬಿಸಿ ತಣ್ಣಗೆ ಏನೂ ತಿಳಿಯುತ್ತಿರಲಿಲ್ಲ. ಕಂಪನಿಯವರು ಆರು ತಿಂಗಳು ಸ್ಟೋರಿನಲ್ಲಿ ಕೂರಿಸಿದರು. ದಸರೆಯ ಹೊತ್ತಿಗೆ ಕಂಪನಿಯ ಡಾಕ್ಟರು ಕೈ ನೋಡಬೇಕು. ಕೆಲಸಕ್ಕೆ ಆಗುತ್ತದೆ ಎಂದರೆ ಇಕಾಮಾ ಮುಂದುವರಿಯುತ್ತದೆ, ಅಂದರೆ ಆ ದೇಶದಲ್ಲಿ ಇರುವ ಪರವಾನಗಿ. ಆಗುವುದಿಲ್ಲ ಎಂದರೆ ಖಲಾಸ್, ಊರಿಗೆ ಟಿಕೆಟ್.

ಇದರ ಅರ್ಥ ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಮದುವೆಯಾದ ಮೊದಲ ನಾಲ್ಕು ವರ್ಷ ಇವರು ಅಲ್ಲಿ, ನಾನು ಮೈಸೂರಿನಲ್ಲಿ. ವರ್ಷಕ್ಕೊಂದು ತಿಂಗಳ ಗಂಡ. ಆಮೇಲೆ ನನಗೆ ಕ್ಲಿನಿಕ್ಕಿನಲ್ಲಿ ಕೆಲಸ ಸಿಕ್ಕಿ, ನನ್ನದೇ ವೀಸಾ ಬಂದು, ಇಬ್ಬರೂ ಒಂದು ಸೂರಿನ ಕೆಳಗೆ ಬಂದೆವು. ಹೆಂಡತಿಯ ಇಕಾಮಾದ ಮೇಲೆ ಗಂಡನನ್ನು ಉಳಿಸಿಕೊಳ್ಳಲು ಅಲ್ಲಿ ಆಗುತ್ತಿರಲಿಲ್ಲ. ಇವರ ಬೆರಳು ಬಾರದಿದ್ದರೆ ಮತ್ತೆ ಸಮುದ್ರದ ಆಚೆಗೊಬ್ಬರು, ಈಚೆಗೊಬ್ಬರು. ಆ ಮೂರು ಬೆರಳ ತುದಿಯಲ್ಲಿ ನಮ್ಮ ಮನೆ ನಿಂತಿತ್ತು.

ಆಸ್ಪತ್ರೆಯ ಡಾಕ್ಟರಮ್ಮ ಒಂದು ಮಾತು ಹೇಳಿದ್ದರು, ನರ ಸತ್ತಿಲ್ಲ, ಮಲಗಿದೆ, ದಿನಾ ಸಣ್ಣ ಸಣ್ಣ ವಸ್ತು ಮುಟ್ಟಿಸಿ ಎಬ್ಬಿಸಬೇಕು ಎಂದು. ಕಡಲೆ, ಹುರುಳಿ, ರಾಜ್ಮಾ ಬೆರೆಸಿಟ್ಟು ಕಣ್ಣು ಮುಚ್ಚಿ ಆರಿಸಲಿ ಎಂದರು. ನಾನು ಬೆರೆಸಿಟ್ಟೆ. ಇವರಿಗೆ ಉರಿದುಹೋಯಿತು.

"ಕಾಳು ಆರಿಸ್ತಾ ಕೂರೋಕೆ ನಾನೇನು ನಿಮ್ಮಜ್ಜೀನಾ?"

"ನಮ್ಮಜ್ಜಿ ಇದ್ದಿದ್ರೆ ಇಷ್ಟು ಹೊತ್ತಿಗೆ ಒಂದು ಮಣ ಆರಿಸಿ, ಮೇಲೆ ನಾಲ್ಕು ಹಾಡೂ ಹೇಳಿರೋರು," ಎಂದೆ ನಾನು. ನನ್ನ ನಾಲಿಗೆ ಯಾವತ್ತೂ ನನ್ನ ಮಾತು ಕೇಳಿದ್ದಿಲ್ಲ. ಎರಡು ದಿನ ಕಳೆದ ಮೇಲೆ ಆ ಕಾಳುಗಳನ್ನೆಲ್ಲ ಹಾಕಿ ಒಂದೇ ಸಾರು ಮಾಡಿದೆ.

ಕೆಳಗಿನ ಮನೆಯಲ್ಲಿ ಮನೆಯ ಮಾಲೀಕರಿದ್ದರು, ಅರವತ್ತು ದಾಟಿದ ಕುವೈತಿ. ಹರೆಯದಲ್ಲಿ ಹಾಯಿಹಡಗಿನಲ್ಲಿ ಬೊಂಬಾಯಿಗೆ ಹೋಗಿ ಬಂದು ಮಾಡಿದವರು, ಅವರದೇ ಒಂದು ಹಿಂದಿ ಇತ್ತು. ಎಲ್ಲರೂ ಅವರನ್ನು ಹಾಜಿ ಎನ್ನುತ್ತಿದ್ದರು, ನಾವೂ ಹಾಗೇ. ಅವರ ಅಂಗಳದಲ್ಲಿ ಟಾರ್ಪಾಲಿನ ಕೆಳಗೆ ಒಂದು ಕಾರು ಮಲಗಿತ್ತು. ಎರಡೇ ಬಾಗಿಲು, ಉದ್ದ ಮೂತಿ, ಕಡು ಹಸಿರು. ಆ ಕಾಲಕ್ಕೆ ಕುವೈತಿನ ಹುಡುಗರಿಗೆಲ್ಲ ಹುಚ್ಚು ಹಿಡಿಸಿದ್ದ ಜಾತಿಯ ಕಾರು. ಎಂಜಿನ್ ಶುರುವಾದರೆ ಮೂರನೆಯ ಮನೆಯ ಕಿಟಕಿ ಅದುರುತ್ತಿತ್ತಂತೆ. ಅದು ಹಡಗಿನಿಂದ ಇಳಿದ ದಿನ ಹಾಜಿ ಬಂದರಿನಿಂದ ತಾವೇ ಓಡಿಸಿಕೊಂಡು ಬಂದಿದ್ದರು. ಹತ್ತು ಹನ್ನೆರಡು ವರ್ಷದ ಉಪ್ಪುಗಾಳಿ, ಮರಳು ಸೇರಿ ಅದನ್ನು ಮೂಲೆಗೆ ಕೂರಿಸಿತ್ತು. ಮಕ್ಕಳು ಸಕ್ರಾಬಿಗೆ, ಅಂದರೆ ಗುಜರಿ ಮೈದಾನಕ್ಕೆ, ಕಳಿಸಿಬಿಡೋಣ ಎನ್ನುತ್ತಿದ್ದರು. ಹಾಜಿ ಒಪ್ಪಿರಲಿಲ್ಲ.

ಒಂದು ಸಂಜೆ ಇವರು ಮೆಟ್ಟಿಲಿಳಿದು ಹೋಗಿ ಟಾರ್ಪಾಲು ಎತ್ತಿ ನೋಡುತ್ತ ನಿಂತಿದ್ದರು. ಹಾಜಿ ಪಕ್ಕದಲ್ಲಿ ಬಂದು ನಿಂತರು. ಎಂಜಿನ್ನಿಗೆ ಶುವೈಖಿನ ಗ್ಯಾರೇಜಿನಲ್ಲಿ ಜನ ಇದ್ದಾರೆ, ಬಣ್ಣಕ್ಕೂ ಇದ್ದಾರೆ. ಆದರೆ ಕಿಟಕಿಯ ಗಾಜು ಇಳಿಸುವ ಹಿಡಿ, ಡ್ಯಾಶ್‌ಬೋರ್ಡಿನ ಖಾನೆಯ ಬೀಗ, ಸಿಗರೇಟು ಹೊತ್ತಿಸುವ ಗುಂಡಿ, ಗಡಿಯಾರ, ಇವೆಲ್ಲ ಬಿಸಾಕಿ ಹೊಸದು ಹಾಕು ಅಂತಾರೆ ಎಂದು ದೂರಿದರು.

"ಮುಹಂದಿಸ್, ನಯಾ ನಹೀ ಮಾಂಗ್ತಾ. ಯಹೀ ಚಾಹಿಯೇ. ಯಹೀ!" ಎಂದು ಬಾಗಿಲನ್ನು ತಟ್ಟಿದರು. ಮುಹಂದಿಸ್ ಎಂದರೆ ಎಂಜಿನಿಯರ್. ಇವರು ಎಂಜಿನಿಯರ್ ಅಲ್ಲ ಎಂದು ಎಷ್ಟು ಸಲ ಹೇಳಿದರೂ ಹಾಜಿ ಬಡ್ತಿ ವಾಪಸ್ ತೆಗೆದುಕೊಳ್ಳಲಿಲ್ಲ.

ಹಾಗೆ ಶುರುವಾಯಿತು. ಕಾಳು ಆರಿಸಲು ಬಾರದ ಕೈಗೆ ಸ್ಕ್ರೂ ಬಿಚ್ಚಲು ಎಲ್ಲಿಂದ ಬಂದೀತು? ಮೊದಮೊದಲು ಎಡಗೈಯಲ್ಲಿ ಸ್ಕ್ರೂಡ್ರೈವರ್ ತಿರುಗಿಸಿ, ಬಲಗೈಯನ್ನು ಬರೀ ಕಟ್ಟಿಗೆಯ ಹಾಗೆ ಒತ್ತಿಹಿಡಿಯುತ್ತಿದ್ದರು. ಬೇಸಿಗೆ ಏರಿದ ಮೇಲೆ ಅಂಗಳದಲ್ಲಿ ಕಬ್ಬಿಣ ಮುಟ್ಟುವ ಹಾಗಿರಲಿಲ್ಲ. ಭಾಗಗಳೆಲ್ಲ ಒಂದೊಂದಾಗಿ ಮೇಲೆ ನನ್ನ ಅಡುಗೆಮನೆಗೆ ಬಂದವು. ಸೀಮೆಎಣ್ಣೆಯಲ್ಲಿ ನೆನೆಸಿದ ಹಿಡಿಗಳು ಸಿಂಕಿನ ಕೆಳಗೆ. ಕ್ರೋಮಿನ ಅಕ್ಷರಗಳು ನನ್ನ ಟೂತ್‌ಪೇಸ್ಟಿನಲ್ಲಿ ಮಿಂದು ಕಿಟಕಿಯ ಮೇಲೆ. "ಕೆಲಸವಿಲ್ಲದ ಬಡಗಿ ಮಗುವಿನ ಅಂಡು ಕೆತ್ತಿದನಂತೆ," ಎಂದು ನಾನು ಗೊಣಗುತ್ತಿದ್ದೆ. ಒಳಗೊಳಗೇ ಇವರು ಊಟಕ್ಕೆ ಮೊದಲು ಒಂದು ಹಾಡಿನ ಸಾಲು ಗುನುಗುವುದು ಮತ್ತೆ ಶುರುವಾಗಿತ್ತಲ್ಲ ಎಂದು ಹಿಗ್ಗುತ್ತಿದ್ದೆ.

ಇಡ್ಲಿ ತಟ್ಟೆ ಹೋದದ್ದು ಆಗ. ಒಂದೊಂದು ಭಾಗದ ಸ್ಕ್ರೂಗಳನ್ನು ಒಂದೊಂದು ಗುಳಿಯಲ್ಲಿ, ತೂತಿನಿಂದ ಉದುರದಂತೆ ಬಟ್ಟೆ ಚೂರು ಹಾಸಿ ಇಟ್ಟರು. ಮೇಲಿನ ತಟ್ಟೆ ಬಲಬಾಗಿಲು, ಎರಡನೆಯದು ಎಡಬಾಗಿಲು, ಮೂರನೆಯದು ಡ್ಯಾಶ್‌ಬೋರ್ಡು, ಕೊನೆಯದರಲ್ಲಿ ಗಡಿಯಾರ ಮತ್ತು ಚಿಲ್ಲರೆ. ಯಾವ ಗುಳಿಯಲ್ಲಿ ಏನು ಎಂದು ಎಲ್ಲೂ ಬರೆದಿರಲಿಲ್ಲ. ಬರೆಯಲು ಬಲಗೈ ಬೇಕಲ್ಲ.

"ನಾನು ಬರೆದು ಅಂಟಿಸ್ಲಾ? ನಮ್ಮ ಲ್ಯಾಬಿನ ಲೇಬಲ್ ಇದೆ," ಎಂದೆ.

"ಬೇಡ ಕಣೇ. ತಲೇಲಿದೆ," ಎಂದರು.

ಹಟ. ದಿನಕ್ಕೊಂದು ಗುಳಿ ಇಳಿಸಿಕೊಂಡು, ಬೆಂದ ಬೆರಳುಗಳಲ್ಲೇ ಒಂದೊಂದು ಸ್ಕ್ರೂ ಹಿಡಿದು, ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ಉಜ್ಜುವುದು ಇವರ ಲೆಕ್ಕಾಚಾರ. ಹತ್ತು ಸಲ ಬೀಳುತ್ತಿತ್ತು, ದಿನಕ್ಕೊಂದು ಸ್ಕ್ರೂ ಮುಗಿದರೆ ಹೆಚ್ಚು. ಬಿದ್ದದ್ದನ್ನು ನಾನು ಬಗ್ಗಿ ಎತ್ತಿಕೊಡಲು ಹೋದರೆ, "ಬಿಡು" ಎನ್ನುತ್ತಿದ್ದರು. ಬೆಳಿಗ್ಗೆ ಅಂಗಿಯ ಗುಂಡಿ ಹಾಕಿಕೊಳ್ಳಲು ತಡಕಾಡಿದರೆ, ಕಂಪನಿಯ ಬಸ್ಸು ಹೋಗಿಬಿಡುತ್ತದೆ ಎಂದು ನಾನೇ ಹಾಕಿಬಿಡುತ್ತಿದ್ದೆ. ಆಗ ಮಾತ್ರ ಗೋಡೆ ನೋಡುತ್ತ ನಿಲ್ಲುತ್ತಿದ್ದರು.

ಇನ್ನೊಂದು ಸಂಗತಿ ಇವರನ್ನು ಕೊರೆಯುತ್ತಿತ್ತು. ಗಣೇಶನ ಹಬ್ಬಕ್ಕೆ ಹಾಜಿಯವರ ಮನೆಗೆ ಕಡುಬು ಕಳಿಸಿದೆವು. ಇವರು ತಟ್ಟೆಯನ್ನು ಎಡಗೈಯಲ್ಲಿ ನೀಡಬೇಕಾಯಿತು. ನಮ್ಮಲ್ಲಿ ಹೇಗೋ ಅವರಲ್ಲೂ ಹಾಗೇ, ಎಡಗೈಯಲ್ಲಿ ಕೊಡುವುದು ಅವಮರ್ಯಾದೆ. ಹಾಜಿ ಎರಡೂ ಕೈ ಚಾಚಿ, ಏನೂ ಗಮನಿಸದವರ ಹಾಗೆ ತೆಗೆದುಕೊಂಡರು. ಇವರು ಮೇಲೆ ಬಂದು ಊಟ ಬೇಡ ಎಂದು ಮಲಗಿದರು.

ನಿಜ ಹೇಳುತ್ತೇನೆ, ನನಗೆ ಆ ಹೊತ್ತಿಗೆ ನಂಬಿಕೆ ಹೋಗಿತ್ತು. ಅದಕ್ಕೂ ಒಂದು ತಿಂಗಳ ಹಿಂದೆಯೇ, ಆಗಸ್ಟಿನ ಬಿಸಿಲಿನಲ್ಲಿ, ಮೈಸೂರಿನ ಕಾರ್ಖಾನೆಯೊಂದರಲ್ಲಿದ್ದ ನಮ್ಮಣ್ಣನಿಗೆ ಕಾಗದ ಬರೆದಿದ್ದೆ. 'ಇವರ ಕೈ ಇನ್ನು ಬರುವ ಹಾಗೆ ಕಾಣುವುದಿಲ್ಲ. ಸ್ಟೋರಿನಲ್ಲೋ ಗೇಟಿನಲ್ಲೋ ಕೂರುವಂಥ ಒಂದು ಕೆಲಸ ನೋಡಿಡು. ಇವರಿಗೆ ತಿಳಿಯುವುದು ಬೇಡ' ಎಂದು. ಲಕೋಟೆಗೆ ಅಂಟು ಹಚ್ಚಿ, ಅಂಚೆಪೆಟ್ಟಿಗೆಗೆ ಹಾಕಲು ಇವರ ಕೈಗೇ ಕೊಟ್ಟೆ. ಅಂಚೆ ಕಚೇರಿ ಇವರ ಬಸ್ಸಿನ ದಾರಿಯಲ್ಲಿತ್ತು. ಉಪ್ಪಿನಕಾಯಿ ಕಳಿಸು ಅಂತ ಬರೆದಿದ್ದೇನೆ ಎಂದೆ. ಇವರು ಜೇಬಿಗಿಟ್ಟುಕೊಂಡು ಹೋದರು.

ಅಣ್ಣನಿಂದ ಉತ್ತರ ಬರಲಿಲ್ಲ. ಒಂದು ವಾರ, ಎರಡು ವಾರ, ಒಂದು ತಿಂಗಳು. ಆಮೇಲೆ ಬಂದ ಕಾಗದದಲ್ಲಿ ಮಳೆ, ಅತ್ತಿಗೆಯ ಸೊಂಟನೋವು, ಪಕ್ಕದ ಸೈಟಿನ ತಕರಾರು ಎಲ್ಲ ಇತ್ತು, ನನ್ನ ಮಾತಿಗೆ ಮಾತ್ರ ಒಂದಕ್ಷರವಿಲ್ಲ. ಕಷ್ಟ ಅಂದಾಗ ಕಿವಿ ಕೇಳದ ಅಣ್ಣ ಎಂದು ಹಲ್ಲು ಕಡಿದೆ. ಅವತ್ತಿನಿಂದ ಅವನ ಮೇಲೆ ನಾನು ಮಾಡಿದ ಮುನಿಸು ಸಣ್ಣದಲ್ಲ.

ಆಯುಧಪೂಜೆ ಬಂತು. ಹಿಂದಿನ ದಿನ ನನಗೆ ಬೆಳಗಿನ ಪಾಳಿ, ಮಧ್ಯಾಹ್ನಕ್ಕೆ ಮನೆಗೆ ಬಂದೆ. ಹಬ್ಬದ ಮುಂಚಿನ ದಿನ ನಮ್ಮ ಕಡೆ ಹೆಂಗಸರ ಕೈ ಸುಮ್ಮನಿರುವುದುಂಟೇ? ಹುಣಸೆಹಣ್ಣು ನೆನೆಹಾಕಿ, ಉಪ್ಪು ಬೆರೆಸಿ, ದೀಪದ ಕಂಬ, ಪಂಚಪಾತ್ರೆ, ಆರತಿ ತಟ್ಟೆ ಎಲ್ಲ ಬೆಳಗಿದೆ. ಥಳಥಳ ಅಂದವು. ಹುಣಸೆ ನೀರು ಇನ್ನೂ ಅರ್ಧ ಬೋಗುಣಿ ಉಳಿದಿತ್ತು. ಪ್ರತಿ ವರ್ಷ ಇವರು ತಮ್ಮ ಸ್ಪ್ಯಾನರು, ಇಕ್ಕಳಗಳನ್ನು ತಾವೇ ಒರೆಸಿ ಪೂಜೆಗಿಡುತ್ತಿದ್ದರು. ಈ ವರ್ಷ ಪಾಪ, ಆ ಕೈಯಲ್ಲಿ ಯಾವಾಗ ಮುಗಿಸುತ್ತಾರೆ ಎಂದುಕೊಂಡೆ. ಇಡ್ಲಿ ಸ್ಟ್ಯಾಂಡು ಕಣ್ಣಿಗೆ ಬಿತ್ತು. ಬಾಗಿಲಿನ ಸ್ಕ್ರೂಗಳ ಮೇಲೆ ಹಸಿರು ಬಣ್ಣದ ಚಕ್ಕೆ, ಡ್ಯಾಶ್‌ಬೋರ್ಡಿನವಕ್ಕೆ ಕರಿ, ಉಳಿದವಕ್ಕೆ ತುಕ್ಕು. ದೇವರ ಮುಂದೆ ಇಂಥ ಕೊಳಕು ಇಡುವುದೇ?

ನಾಲ್ಕೂ ತಟ್ಟೆಯನ್ನು ಬೋಗುಣಿಗೆ ಮಗುಚಿದೆ.

ಕೈಯಾರೆ ತಿಕ್ಕಿ, ಮೂರು ನೀರಿನಲ್ಲಿ ತೊಳೆದು, ಹಳೆಯ ಸೀರೆಯ ಮೇಲೆ ಬಾಲ್ಕನಿಯಲ್ಲಿ ಒಣಗಿಸಿ, ತುಕ್ಕು ಹಿಡಿಯದಿರಲಿ ಎಂದು ತೆಂಗಿನೆಣ್ಣೆ ಬೇರೆ ಸವರಿದೆ. ತಟ್ಟೆಯ ಮೇಲೆ ರಾಶಿ ಹಾಕಿದರೆ ಬೆಳ್ಳಿಯ ಹಾಗೆ ಮಿನುಗುತ್ತಿತ್ತು. ನನ್ನ ಕೆಲಸಕ್ಕೆ ನಾನೇ ಮೆಚ್ಚಿ ಒಂದು ಲೋಟ ಕಾಫಿ ಮಾಡಿಕೊಂಡೆ. ಒಂದು ದಿನವೂ ಒಬ್ಬರ ರಕ್ತವನ್ನು ಇನ್ನೊಬ್ಬರ ಸೀಸೆಗೆ ಹಾಕದವಳು, ಲೇಬಲ್ ಇಲ್ಲದ ಸೀಸೆಯನ್ನು ಮುಟ್ಟದವಳು, ಗುಳಿಗಳೇ ಲೇಬಲ್ಲು ಎಂಬುದನ್ನು ಮರೆತಿದ್ದೆ. ಹಬ್ಬ ಎಂದರೆ ನಮಗೆ ತೊಳೆಯುವುದೊಂದೇ ತಲೆಯಲ್ಲಿ. ಗಣೇಶನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದೆ.

ಇವರು ಬಂದರು. ಚಪ್ಪಲಿ ಬಿಟ್ಟು ಅಡುಗೆಮನೆಯ ಬಾಗಿಲಲ್ಲಿ ನಿಂತರು. ನಾನು ನಗುತ್ತ ತಟ್ಟೆ ತೋರಿಸಿದೆ. ಇವರು ಖಾಲಿ ಗುಳಿಗಳನ್ನು ನೋಡಿದರು, ರಾಶಿಯನ್ನು ನೋಡಿದರು. ಎಡಗೈಯಲ್ಲಿ ಒಂದು ಸ್ಕ್ರೂ ಎತ್ತಿದರು.

"ಇದು ಯಾವ ಗುಳೀದು?"

ಆಗ ನನಗೆ ಹೊಳೆಯಿತು. ತಪ್ಪಾಯಿತು ಎನ್ನುವ ಬದಲು ನನ್ನ ಹಾಳು ನಾಲಿಗೆ ಮುಂದೆ ಬಂತು.

"ಹಬ್ಬಕ್ಕೆ ತೊಳೆಯೋದೂ ತಪ್ಪಾ? ತಿಂಗಳುಗಟ್ಟಲೆ ಇಟ್ಕೊಂಡು ಕೂತ್ರೆ ನಾನೇನ್ರೀ ಮಾಡ್ಲಿ?"

"ನಾನು ತೊಳೀತಿದ್ದೆ."

"ಯಾವಾಗ? ಇನ್ನೊಂದು ವಾರಕ್ಕೆ ಡಾಕ್ಟ್ರು ನೋಡ್ತಾರೆ!"

ಇವರು ಕೂಗುವವರಲ್ಲ. ಅವತ್ತೂ ಕೂಗಲಿಲ್ಲ. ಸ್ಕ್ರೂವನ್ನು ರಾಶಿಗೆ ಇಟ್ಟು, ನನ್ನ ಮುಖ ನೋಡಿ ಹೇಳಿದರು: "ನನ್ನ ಕೈ ಹೋಯ್ತು ಅಂತ ನೀನು ಆಗ್ಲೇ ತೀರ್ಮಾನ ಮಾಡ್ಬಿಟ್ಟಿದೀಯ. ಅದಕ್ಕೇ ಎಲ್ಲಾ ನೀನೇ ಮಾಡ್ತೀಯ."

ಅದು ನಿಜವಾಗಿತ್ತು. ಕಾಗದದ ಒಂದೊಂದು ಸಾಲೂ ನೆನಪಾಯಿತು. ಒಲೆಯ ಮೇಲಿನ ಪಾಯಸ ತಳ ಹಿಡಿಯಿತು, ನಾನು ಅದನ್ನೂ ನೋಡಲಿಲ್ಲ.

ಮರುದಿನ ಪೂಜೆ, ಇಬ್ಬರೂ ರಜೆ ಹಾಕಿದ್ದೆವು. ಮೂರ್ತಿ ಮಂಟಪ ಎಲ್ಲ ನಮ್ಮಲ್ಲಿರಲಿಲ್ಲ, ಅಡುಗೆಮನೆಯ ಕಪಾಟಿನ ಒಂದು ಅಂಕಣವೇ ದೇವರಮನೆ. ಸ್ಪ್ಯಾನರುಗಳು, ಇಕ್ಕಳ, ನನ್ನ ಹೊಲಿಗೆ ಕತ್ತರಿ, ಮಧ್ಯದಲ್ಲಿ ಆ ಸ್ಕ್ರೂಗಳ ರಾಶಿ. ಇವರು ಅರಿಶಿನ ಕುಂಕುಮ ಹಚ್ಚಿದರು. ಮಂಗಳಾರತಿಗೆ ಬಲಗೈ ಮುಂದಕ್ಕೆ ತಂದು ಎಡಗೈಯನ್ನು ಆನಿಸಿ ತಟ್ಟೆ ಹಿಡಿದರು. ಆಯುಧಪೂಜೆಯ ದಿನ ಆಯುಧಗಳಿಗೆ ರಜೆ, ಯಾವುದನ್ನೂ ಮುಟ್ಟಿ ಕೆಲಸ ಮಾಡುವಂತಿಲ್ಲ. ಇಡೀ ದಿನ ಆ ರಾಶಿ ಒಂದು ಸೇವಂತಿಗೆ ಹೂ ಹೊತ್ತುಕೊಂಡು ಕೂತಿತ್ತು, ಇವರು ಅದರ ಎದುರು ಕೂತಿದ್ದರು. ನಾನು ನಡುವೆ ಓಡಾಡುತ್ತ, ಎಷ್ಟು ಸಲ ಕ್ಷಮೆ ಕೇಳಲು ಬಾಯಿ ತೆರೆದು ಮುಚ್ಚಿದೆನೋ. ಕೊನೆಗೆ ಸಂಜೆ ದೀಪ ಹಚ್ಚುವಾಗ, "ತಪ್ಪಾಯ್ತು ಕಣ್ರೀ," ಎಂದೆ. ಇವರು ಹೂಂ ಎಂದರು.

ವಿಜಯದಶಮಿಯ ಬೆಳಿಗ್ಗೆ ಹೂ ತೆಗೆದಿಟ್ಟು ರಾಶಿಯನ್ನು ಮುಂದಕ್ಕೆಳೆದುಕೊಂಡರು. ಶುಕ್ರವಾರ, ಇಬ್ಬರಿಗೂ ರಜೆ. ಕಣ್ಣಿಗೆ ಗುರುತು ಹಿಡಿಯಲು ಏನೂ ಉಳಿದಿರಲಿಲ್ಲ. ಹಸಿರು, ಕಪ್ಪು, ತುಕ್ಕು ಎಲ್ಲವನ್ನೂ ನನ್ನ ಹುಣಸೆಹಣ್ಣು ತಿಂದುಹಾಕಿತ್ತು. ತಲೆ ಒಂದೇ, ಉದ್ದ ಹೆಚ್ಚುಕಡಿಮೆ ಒಂದೇ. ವ್ಯತ್ಯಾಸ ಇದ್ದದ್ದು ಥ್ರೆಡ್ಡಿನಲ್ಲಿ. ಕೆಲವಕ್ಕೆ ಒತ್ತೊತ್ತು ಸುತ್ತು, ಕೆಲವಕ್ಕೆ ತುಸು ಬಿಡಿಬಿಡಿ. ತಪ್ಪಿ ಹಾಕಿದರೆ ಹಳೆಯ ತೂತೇ ಹಾಳು. ಮೊದಲು ಕನ್ನಡಕ ಹಾಕಿಕೊಂಡು ನೋಡಿದರು. ಆಗಲಿಲ್ಲ. ಎಡಗೈಯಲ್ಲಿ ಸವರಿದರು. ಎಡಗೈಗೆ ಆ ವಿದ್ಯೆಯೇ ಗೊತ್ತಿರಲಿಲ್ಲ, ಇಪ್ಪತ್ತು ವರ್ಷ ಕಲಿತದ್ದು ಬಲಗೈ. ಆಮೇಲೆ ಕಣ್ಣು ಮುಚ್ಚಿ, ಬಲಗೈಯ ಆ ಹೊಳೆಯುವ ಕೆಂಪು ಚರ್ಮದ ಬೆರಳುಗಳ ನಡುವೆ ಒಂದನ್ನು ಹಿಡಿದು ಉರುಳಿಸತೊಡಗಿದರು. ಬಿತ್ತು. ಹೆಕ್ಕಿದರು. ಮತ್ತೆ ಬಿತ್ತು. ನಾನು ಎತ್ತಿಕೊಡಲಿಲ್ಲ. ಸೆರಗನ್ನು ಮುಷ್ಟಿಯಲ್ಲಿ ಹಿಡಿದು ಒಲೆಯ ಕಡೆ ತಿರುಗಿ ನಿಂತೆ.

ಹೀಗೇ ಐದು ದಿನ. ಸ್ಟೋರಿನಿಂದ ಬಂದವರೇ ಕಾಫಿ ಕುಡಿದು ರಾಶಿಯ ಮುಂದೆ. ಐದನೆಯ ಸಂಜೆ ನಾನು ಸಾರಿಗೆ ಒಗ್ಗರಣೆ ಹಾಕುತ್ತಿದ್ದಾಗ ಕರೆದರು.

"ಏನೇ, ಇಲ್ಲಿ ಬಾ. ಕಣ್ಣು ಮುಚ್ಚು."

ಮುಚ್ಚಿದೆ. ನನ್ನ ಬೆರಳುಗಳ ನಡುವೆ ಒಂದಾದ ಮೇಲೊಂದು ಎರಡು ಸ್ಕ್ರೂ ಇಟ್ಟರು. "ಯಾವುದ್ರ ಥ್ರೆಡ್ಡು ಸಣ್ಣ?"

ಉರುಳಿಸಿದೆ, ಉಗುರು ಹಾಕಿ ಕೆರೆದೆ. ನನ್ನ ಹತ್ತು ಗಟ್ಟಿ ಬೆರಳಿಗೂ ತಿಳಿಯಲಿಲ್ಲ. "ಎರಡೂ ಒಂದೇ," ಎಂದೆ.

"ಒಂದಲ್ಲ. ಎರಡನೇದು ಗಡಿಯಾರದ ಪಟ್ಟೀದು."

ನಾನು ಲ್ಯಾಬಿನವಳು, ಬಾಯಿಮಾತು ನಂಬುವವಳಲ್ಲ. ಸೆರಗಿನಿಂದ ಇವರ ಕಣ್ಣು ಕಟ್ಟಿದೆ. ಬೇರೆ ಮಾಡಿಟ್ಟದ್ದರಲ್ಲಿ ಒಂದೊಂದನ್ನು ಎತ್ತಿ ಬಲಗೈಗೆ ಕೊಟ್ಟೆ. ಸಣ್ಣ. ದೊಡ್ಡ. ದೊಡ್ಡ. ಸಣ್ಣ. ಒಂದೂ ತಪ್ಪಲಿಲ್ಲ. ಮೋಸ ಮಾಡೋಣ ಎಂದು ಒಂದೇ ಸ್ಕ್ರೂವನ್ನು ಎರಡು ಸಲ ಕೊಟ್ಟೆ. "ಇದು ಆಗ್ಲೇ ಕೊಟ್ಟಿದ್ದೆ, ಇದರ ತಲೇಲಿ ಒಂದು ಕಚ್ಚು ಇದೆ," ಎಂದು ನಕ್ಕರು. ಒಗ್ಗರಣೆ ಸೀದು ಮನೆಯೆಲ್ಲ ಹೊಗೆ. ಅತ್ತದ್ದು ಹೊಗೆಗೆ ಎಂದು ನಾನು ಹೇಳುವುದಿಲ್ಲ. ಸಂತೋಷಕ್ಕೂ ನಾಚಿಕೆಗೂ ಅತ್ತೆ. ಇವರು ಕಣ್ಣು ಕಟ್ಟಿಸಿಕೊಂಡೇ ನನ್ನ ಕೈ ಹುಡುಕಿ ಹಿಡಿದುಕೊಂಡರು.

ಎರಡು ದಿನ ಕಳೆದು ಪರೀಕ್ಷೆಗೆ ಅರ್ಧ ದಿನ ರಜೆ ಹಾಕಿ ಜೊತೆಗೆ ಹೋದೆ. ಕಂಪನಿಯ ಡಾಕ್ಟರು ಬೆಂಕಿಕಡ್ಡಿ ಎತ್ತಿಸಿದರು, ಗುಂಡುಸೂಜಿ ಎತ್ತಿಸಿದರು, ತಮ್ಮ ಕೋಟಿನ ಗುಂಡಿ ಹಾಕಿಸಿದರು. ಬೆರಳು ಪೂರ್ತಿ ಮಡಚುವುದಿಲ್ಲವಲ್ಲ ಎಂದು ಗೊಣಗಿ, ಮೂರು ತಿಂಗಳು ಕೆಲಸಕ್ಕೆ ಹಚ್ಚಿ ನೋಡಿ ಎಂದು ಬರೆದರು. ಆ ಮೂರು ತಿಂಗಳು ಐದು ವರ್ಷಕ್ಕೂ ಮೇಲಾಯಿತು. ಆದರೆ ಅಂದಿನಿಂದ ಇವರು ಗ್ಲೌಸ್ ತೆಗೆಯಲಿಲ್ಲ, ತೆಗೆದರೆ ನನಗೆ ತಿಳಿಸಬೇಕೆಂದು ಇವರ ಜೊತೆಗಾರರಿಗೆಲ್ಲ ನಾನು ಹೇಳಿಟ್ಟಿದ್ದೆ.

ಸ್ಕ್ರೂಗಳೆಲ್ಲ ತಮ್ಮ ತಮ್ಮ ಮನೆ ಸೇರಲು ಡಿಸೆಂಬರ್ ಆಯಿತು. ಕೊನೆಯಲ್ಲಿ ಒಂದು ಹೆಚ್ಚಿಗೆ ಉಳಿಯಿತು. ಇವರು ಎರಡು ವಾರ ಕಾರಿನ ಮೂಲೆಮೂಲೆ ತಡಕಿದರು. ಅದು ನನ್ನ ಕುಕ್ಕರಿನ ಹಿಡಿಯದು ಎಂದು ಗೊತ್ತಾದದ್ದು, ಹಿಡಿ ಒಂದು ದಿನ ಬೇಳೆಯ ಸಮೇತ ಕೈಗೆ ಬಂದಾಗ. ಗಡಿಯಾರ ಕೂಡ ನಡೆಯಿತು. ಎರಡೆರಡು ನಿಮಿಷಕ್ಕೊಮ್ಮೆ ಒಳಗೆ ಟಕ್ ಎಂದು ತನಗೆ ತಾನೇ ಕೀಲಿ ಕೊಟ್ಟುಕೊಳ್ಳುತ್ತಿತ್ತು. ಹಾಜಿ ಸೀಟಿನಲ್ಲಿ ಕೂತು ಆ ಟಕ್ ಕೇಳಿ, ಮತ್ತೊಮ್ಮೆ ಆಗಲಿ ಎಂದು ಕಾದು ಕೂತರು. ಎಂಜಿನ್ನು ಶುವೈಖಿನಿಂದ ಸರಿಯಾಗಿ ಬಂದ ಮೇಲೆ ಶುಕ್ರವಾರದ ಸಂಜೆಗಳಲ್ಲಿ ಸಮುದ್ರದ ದಂಡೆಯ ರಸ್ತೆಗೆ ನಮ್ಮಿಬ್ಬರನ್ನೂ ಕರೆದುಕೊಂಡು ಹೋಗುತ್ತಿದ್ದರು. ನಾನು ಹಿಂದಿನ ಇಕ್ಕಟ್ಟು ಸೀಟಿನಲ್ಲಿ, ಕಾಲು ಮಡಚಿಕೊಂಡು, ಕಿಟಕಿಯಿಂದ ಬರುವ ಉಪ್ಪುಗಾಳಿಗೆ ಕೂದಲು ಕೆದರಿಕೊಂಡು. ಅಷ್ಟು ಸುಖದ ಸವಾರಿ ನಾನು ಆಮೇಲೆ ಯಾವ ಕಾರಿನಲ್ಲೂ ಮಾಡಿಲ್ಲ.

ಡ್ಯಾಶ್‌ಬೋರ್ಡಿನ ಖಾನೆ ಇವರು ಎಲ್ಲಕ್ಕಿಂತ ಮೊದಲು, ಜೂನಿನಲ್ಲೇ, ಸರಿಮಾಡಿದ್ದ ಭಾಗ. ಅದರ ಬೀಗದ ಕೈಯನ್ನು ಕೊಡಲು ಹೋದಾಗ ಹಾಜಿ ತೆಗೆದುಕೊಂಡಿರಲಿಲ್ಲ. "ವೋ ತುಮ್ಹಾರಾ, ಮುಹಂದಿಸ್," ಎಂದಿದ್ದರು. ಗಾಡಿ ನನ್ನದು, ಆ ಖಾನೆ ನಿನ್ನದು ಎಂದು. ಅಂದಿನಿಂದ ಆ ಪುಟ್ಟ ಬೀಗದ ಕೈ ಇವರ ಕೀಲಿ ಗೊಂಚಲಿನಲ್ಲಿತ್ತು. ಒಳಗೆ ಸ್ಕ್ರೂಡ್ರೈವರು, ಒರೆಸುವ ಬಟ್ಟೆ ಇರಬೇಕು ಎಂದುಕೊಂಡಿದ್ದೆ.

ಇತ್ತ ಅಣ್ಣನ ಮೇಲಿನ ನನ್ನ ಮುನಿಸು ಆರಲಿಲ್ಲ. ರಜೆಗೆ ಹೋದಾಗ ಎಲ್ಲರಿಗೂ ಅತ್ತರು, ಜ್ಯೂಸ್ ಪುಡಿಯ ಡಬ್ಬಿ, ಕೈಗಡಿಯಾರ. ಅಣ್ಣನಿಗೆ ಮಾತ್ರ ಎರಡು ಸೋಪು. ಅವನು ಪಾಪ ಎರಡು ಸಲ, "ಏನಮ್ಮಾ, ನನ್ ಮೇಲೇನಾದ್ರೂ ಬೇಜಾರಾ?" ಎಂದು ಕೇಳಿದ. "ನಿನಗೇ ಗೊತ್ತಿರ್ಬೇಕು," ಎಂದು ಮುಖ ತಿರುಗಿಸಿದ್ದೆ.

ಎಂಬತ್ತರ ದಶಕ ಮುಗಿಯುವ ಮುಂಚೆ ನಾವು ಕುವೈತ್ ಬಿಟ್ಟೆವು. ನಮ್ಮ ಇಷ್ಟದಿಂದ, ಇಬ್ಬರೂ ಒಟ್ಟಿಗೆ. ಹೊರಡುವ ದಿನದ ಬೆಳಿಗ್ಗೆ ಸಾಮಾನೆಲ್ಲ ಕಟ್ಟಿ, ಇಡ್ಲಿ ಸ್ಟ್ಯಾಂಡನ್ನು ಮತ್ತೆ ಸೀರೆಯಲ್ಲಿ ಸುತ್ತಿ, ಕೆಳಗಿಳಿದೆವು. ಹಾಜಿ ಅಂಗಳದಲ್ಲಿ ಕಾರಿನ ಪಕ್ಕ ನಿಂತಿದ್ದರು. ಇವರು ಕಾರಿನ ಬಾಗಿಲು ತೆರೆದು ಬಗ್ಗಿ, ಖಾನೆಯ ಬೀಗ ತೆಗೆದು ಒಂದು ಲಕೋಟೆ ಈಚೆ ತೆಗೆದರು. ಬಿಸಿಲಿಗೆ ಹಳದಿ ಹಿಡಿದಿತ್ತು. ನನ್ನ ಕೈಗೆ ಕೊಟ್ಟರು. ಮೇಲೆ ನನ್ನದೇ ಅಕ್ಷರ, ಅಣ್ಣನ ವಿಳಾಸ. ಅಂಟು ಬಿಚ್ಚಿರಲಿಲ್ಲ.

"ಪೋಸ್ಟ್ ಮಾಡೋಕೆ ಮರ್ತೋಯ್ತು," ಎಂದರು.

ಹದಿನಾರು ಗುಳಿಯ ಸ್ಕ್ರೂಗಳನ್ನು ತಲೆಯಲ್ಲಿಟ್ಟುಕೊಂಡಿದ್ದ ಮನುಷ್ಯ, ಒಂದು ಕಾಗದ ಮರೆತರಂತೆ. ಹುಣಸೆ ನೀರಿನ ದಿನ ಇವರು ಆಡಿದ ಮಾತು ಬರೀ ಸಿಟ್ಟಿನದಲ್ಲ ಎಂದು ಆಗ ತಿಳಿಯಿತು.

"ಒಡೆದೇ ಇಲ್ವಲ್ರೀ. ಒಳಗೇನಿದೆ ಅಂತ ಹೆಂಗೆ ಗೊತ್ತಾಯ್ತು?"

"ನಿಮ್ಮಣ್ಣಂಗೆ ಬರೆಯೋ ಕಾಗದ ಎಲ್ಲಾನೂ ನಂಗೆ ಓದಿ ಹೇಳ್ತಿದ್ದೆ, ಕೊನೇಲಿ ನನ್ ಕೈಲಿ ಎರಡು ಸಾಲು ಬರೆಸ್ತಿದ್ದೆ. ಕೈ ಸುಟ್ಟ ಮೇಲೂ, 'ಏನು ಬರೀಲಿ ಹೇಳಿ' ಅಂತ ಕೇಳಿ ನೀನೇ ಬರೀತಿದ್ದೆ. ಅದೊಂದನ್ನ ಅಂಟಿಸಿ ಕೊಟ್ಟೆ."

ಇವರು ಖಾನೆಯನ್ನು ಮುಚ್ಚಿ ಬೀಗ ಹಾಕಿದರು. ಗೊಂಚಲಿನಿಂದ ಆ ಪುಟ್ಟ ಬೀಗದ ಕೈಯನ್ನು ಉಗುರಿನಿಂದ ಬಿಡಿಸಿ, ಆ ಮೂರು ಬೆರಳ ತುದಿಯಲ್ಲಿ ಹಿಡಿದು, ಹಾಜಿಯವರಿಗೆ ಬಲಗೈಯಲ್ಲಿ ನೀಡಿದರು.